ನಮ್ಮೂರ ಕೆರೆಯ ಹಳೆಯ ತೂಬನ್ನು ಸೋಮವಾರ ಒಡೆಯುತ್ತಾರಂತೆ, ಏನು ಮಾಡಲಿ?

ರೇಷ್ಮೆಗೂಡು (ಶುಕ್ರವಾರ, ರಾತ್ರಿ 9:12)

ಶಿಡ್ಲಘಟ್ಟ ತಾಲೂಕಿನ ಒಂದು ಸಣ್ಣ ಊರಿನವನು ನಾನು. ಊರಿನ ಹೆಸರು ಸದ್ಯಕ್ಕೆ ಬೇಡ. ನಮ್ಮ ಕೆರೆಯಲ್ಲಿ ಹದಿನೈದು ದಿನಗಳಿಂದ ಹೂಳೆತ್ತುವ ಕೆಲಸ ನಡೆಯುತ್ತಿದೆ. ಜಾಲಿ ಮುಳ್ಳನ್ನೆಲ್ಲ ಕಿತ್ತಿದ್ದಾರೆ. ಗೋಡು ಮಣ್ಣು ಟ್ರ್ಯಾಕ್ಟರ್‌ಗಟ್ಟಲೆ ಹಿಪ್ಪುನೇರಳೆ ತೋಟಗಳಿಗೆ ಹೋಗುತ್ತಿದೆ, ನಾನೂ ಎಂಟು ಲೋಡು ಹೊಡೆಸಿದ್ದೇನೆ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ.

ನಿನ್ನೆ ಗುತ್ತಿಗೆದಾರರ ಕಡೆಯವರು ಬಂದು ಏರಿಯ ಒಳಮಗ್ಗುಲಿನ ಕಲ್ಲಿನ ತೂಬಿಗೆ ಸುಣ್ಣದಲ್ಲಿ ಗೀಟು ಎಳೆದು ಹೋದರು. ಸೋಮವಾರ ಅದನ್ನು ಕಿತ್ತು, ಏರಿಯನ್ನು ಅಲ್ಲೇ ಕತ್ತರಿಸಿ, ಸಿಮೆಂಟ್ ಪೈಪು ಮತ್ತು ಕಬ್ಬಿಣದ ಗೇಟು ಕೂರಿಸುತ್ತಾರಂತೆ. ನಮ್ಮ ಹಳೆಯ ತೂಬು ಎಂದರೆ ಎರಡು ಕಲ್ಲುಕಂಬ, ಒಂದೊಂದೂ ಆಳುದ್ದಕ್ಕಿಂತ ಎತ್ತರ. ನಡುವೆ ಎರಡು ಅಡ್ಡಕಲ್ಲು, ಅವುಗಳ ನಟ್ಟನಡುವೆ ಒಂದರ ಕೆಳಗೊಂದು ತೂತು. ಮೇಲಿನ ಅಡ್ಡಕಲ್ಲಿನಲ್ಲಿ ಗಜಲಕ್ಷ್ಮಿ, ಎಡಗಡೆ ಆನೆಯ ಸೊಂಡಿಲು ಮುರಿದಿದೆ. ಚಿಕ್ಕಂದಿನಲ್ಲಿ ನಾವೆಲ್ಲ ಅದರ ಮೇಲಿನಿಂದಲೇ ನೀರಿಗೆ ಹಾರುತ್ತಿದ್ದೆವು. ಹೂಳು ತೆಗೆದ ಮೇಲೆ ಬುಡದಲ್ಲಿ ಒಂದು ಚಪ್ಪಡಿ ಕಂಡಿದೆ, ಅಕ್ಷರಗಳಿರುವ ಹಾಗಿದೆ.

"ಇದೇನು ದೇವಸ್ಥಾನವೇ? ನೀರು ಬಿಡುವ ತೂತು ಅಷ್ಟೆ" ಎಂದು ಅವರು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಇದು ಉಳಿಸುವಂಥದ್ದೇ? ಹೌದಾದರೆ ಯಾರ ಹತ್ತಿರ ಹೋಗಬೇಕು? ಕೆಲಸ ನಿಂತುಹೋದರೆ ಊರಿನವರು ನನ್ನನ್ನೇ ಬೈಯುತ್ತಾರೆ ಎಂಬುದನ್ನೂ ನೆನಪಿನಲ್ಲಿಟ್ಟು ಹೇಳಿ.

ಚಿಂತಾಮಣಿಯವ (9:20)

ಮೊದಲು ಫೋಟೋ ಹಾಕಿ ಸ್ವಾಮಿ.

ಕೋಡಿಕಲ್ಲು (9:58)

ತುಮಕೂರಿನವನು, ನಿವೃತ್ತ ಇಂಜಿನಿಯರ್. ಕೆರೆಗಳನ್ನು ಅಳೆಯುತ್ತಲೇ ಆಯಸ್ಸು ಕಳೆದಿದೆ. ಒಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ: ನನ್ನ ಕಾಲದಲ್ಲಿ ಇಂತಹ ತೂಬುಗಳನ್ನು ನಾನೂ ಒಡೆಸಿದ್ದೇನೆ. ಎಷ್ಟು ಎಂದು ಕೇಳಬೇಡಿ.

ಗಜಲಕ್ಷ್ಮಿಯ ಮಾತು ಆಮೇಲೆ. ಏರಿಯ ಮಾತು ಮೊದಲು. ಆ ಕಂಬಗಳು ಏರಿಗೆ ಅಂಟಿಕೊಂಡಿರದೆ ಒಳಗೆ, ಇಳಿಜಾರು ಮುಗಿಯುವ ಕಡೆ ನಿಂತಿರುತ್ತವೆ, ಗಮನಿಸಿ. ಎರಡು ಅಡ್ಡಕಲ್ಲುಗಳ ತೂತಿನ ಮೂಲಕ ಒಂದು ಉದ್ದನೆಯ ಮರದ ಗಳು ಇಳಿಯುತ್ತದೆ. ಗಳುವಿನ ತುದಿಯಲ್ಲಿ ಶಂಕುವಿನಾಕಾರದ ಬಿರಡೆ. ಅದು ಕೆಳಗಿನ ಚಪ್ಪಡಿಯಲ್ಲಿ ಕೊರೆದ ದುಂಡು ತೂತಿಗೆ ಕೂರುತ್ತದೆ. ಗಳುವನ್ನು ನಾಲ್ಕು ಬೆರಳು ಎತ್ತಿದರೆ ಇಷ್ಟು ನೀರು, ಎಂಟು ಬೆರಳು ಎತ್ತಿದರೆ ಅಷ್ಟು. ಚಪ್ಪಡಿಯ ಕೆಳಗೆ ಒಂದು ಸಣ್ಣ ಗುಂಡಿ, ಅಲ್ಲಿಂದ ಏರಿಯ ಅಡಿಯಲ್ಲಿ ಕಲ್ಲಿನ ಸುರಂಗಗಾಲುವೆ, ಅದು ಮುಗಿದರೆ ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಗದ್ದೆಗಳು. ನೀರಿನ ಒತ್ತಡವೇ ಬಿರಡೆಯನ್ನು ಕೆಳಕ್ಕೆ ಅದುಮುತ್ತದೆ. ಹಾಗಾಗಿ ಕೆರೆ ತುಂಬಿದಷ್ಟೂ ಬಿರಡೆ ಬಿಗಿಯಾಗಿ ಕೂರುತ್ತದೆ.

ಈಗ ಅವರು ಮಾಡಲು ಹೊರಟಿರುವುದು ನೋಡಿ. ನೂರಾರು ವರ್ಷ ನೆನೆದು, ಒಣಗಿ, ದನ ತುಳಿದು, ಗಾಡಿ ಓಡಾಡಿ ಗಟ್ಟಿಯಾದ ಮಣ್ಣನ್ನು ಜೆಸಿಬಿಯಿಂದ ಕತ್ತರಿಸುತ್ತಾರೆ. ಪೈಪು ಇಡುತ್ತಾರೆ. ಮಳೆಗಾಲದ ಒಳಗೆ ಬಿಲ್ಲು ಆಗಬೇಕಲ್ಲ, ಸಡಿಲ ಮಣ್ಣನ್ನೇ ತುಂಬಿ ಮುಚ್ಚುತ್ತಾರೆ. ಹಳೆ ಮಣ್ಣಿಗೂ ಹೊಸ ಮಣ್ಣಿಗೂ ಬೆಸುಗೆಯಾಗುವುದಿಲ್ಲ. ಮೊದಲ ದೊಡ್ಡ ಮಳೆಯಲ್ಲಿ ಪೈಪಿನ ಹೊರಮೈ ಹಿಡಿದುಕೊಂಡು ನೀರು ಜಿನುಗುತ್ತದೆ, ಜಿನುಗಿದ ನೀರು ಮಣ್ಣನ್ನು ಹೊತ್ತೊಯ್ಯುತ್ತದೆ. ಏರಿ ಒಡೆದ ಕೆರೆಗಳಲ್ಲಿ ನಾನು ಕಣ್ಣಾರೆ ಕಂಡ ಕಥೆ ಬಹುಪಾಲು ಇದೇ.

ಒಂದು ಪ್ರಶ್ನೆ ರೇಷ್ಮೆಗೂಡು ಅವರೇ: ನಿಮ್ಮ ಏರಿಯಲ್ಲಿ ಈಗಾಗಲೇ ಕತ್ತರಿಸಿದ ಜಾಗ ಬೇರೆ ಎಲ್ಲಾದರೂ ಇದೆಯೇ?

ಬಿಸಿಲುನಾಡು (10:15)

ಎಲ್ಲವನ್ನೂ ಕೇಳಲು ಚೆನ್ನಾಗಿದೆ. ಆದರೆ ಹಳೆಯದೆಲ್ಲ ಚಿನ್ನವಲ್ಲ. ಪಾವಗಡದ ಕಡೆ ನಮ್ಮ ತಾತನ ಕಾಲದಲ್ಲಿ ಇಂತಹುದೇ ತೂಬು ಇತ್ತು. ಬಿರಡೆ ಸವೆದು ಹಗಲೂ ರಾತ್ರಿ ಸೋರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಅರ್ಧ ಕೆರೆ ಖಾಲಿ, ಕೊನೆಯ ಹೊಲದವರಿಗೆ ನೀರೇ ಇಲ್ಲ. ಕಬ್ಬಿಣದ ಗೇಟು ಬಂದ ಮೇಲೆ ಒಬ್ಬ ಮುದುಕ ಕೂಡ ದಡದಲ್ಲಿ ನಿಂತೇ ತಿರುಗಿಸುತ್ತಾನೆ. ಪೇಟೆಯವರಿಗೆ ಶಿಲ್ಪ ಬೇಕು, ರೈತನಿಗೆ ನೀರು ಬೇಕು.

ರೇಷ್ಮೆಗೂಡು (10:22)

ನಾನು ಪೇಟೆಯವನಲ್ಲ ಸ್ವಾಮಿ, ಮೊನ್ನೆ ತಾನೇ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ದಾಟಿದ ರೇಷ್ಮೆಹುಳುಗಳು ಮನೆಯಲ್ಲಿವೆ. ಸೊಪ್ಪು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.

ಕೋಡಿಕಲ್ಲು ಸರ್, ಇದೆ. ಏರಿಯ ಬಡಗಣ ತುದಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಒಂದು ಪೈಪು ಹಾಕಿದ್ದರು. ಹಾಕಿದ ದಿನದಿಂದಲೂ ಅದರ ಪಕ್ಕದಲ್ಲಿ ನೀರು ಜಿನುಗುತ್ತದೆ. ಅಲ್ಲಿ ಜೊಂಡು ಬೆಳೆದಿದೆ.

ಕೋಡಿಕಲ್ಲು (10:31)

ಹಾಗಾದರೆ ದಾರಿ ಸಿಕ್ಕಿತು. ಹೊಸ ಗೇಟನ್ನು ಅಲ್ಲೇ ಕೂರಿಸಲಿ. ಹೇಗೂ ಅದನ್ನು ಅಗೆದು ಸರಿಪಡಿಸಲೇಬೇಕು, ಬಿಟ್ಟರೆ ಅಪಾಯ. ಒಂದೇ ಏರಿಗೆ ಎರಡು ಗಾಯ ಏಕೆ? ಆದರೆ ಆ ಪೈಪಿನ ತಳಮಟ್ಟ ಹಳೆಯ ತೂಬಿನ ತಳಮಟ್ಟಕ್ಕಿಂತ ಎತ್ತರವಿದ್ದರೆ ಕೆರೆಯ ತಳದ ನೀರು ಅಚ್ಚುಕಟ್ಟಿಗೆ ಬರುವುದಿಲ್ಲ. ನಾಳೆ ಟ್ಯೂಬ್ ಲೆವೆಲ್ ಹಿಡಿದು ನೋಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗಾರೆ ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ಅದೇ ಸಾಕು.

ನೀರಗಂಟಿ ಮೊಮ್ಮಗ (11:05)

ಮುಳಬಾಗಿಲು ಸೀಮೆಯವನು. ಬಿಸಿಲುನಾಡು ಅವರು ಹೇಳಿದ ಸೋರಿಕೆ ಸುಳ್ಳಲ್ಲ. ಆದರೆ ಸೋರುತ್ತಿದ್ದುದು ತೂಬಿನ ತಪ್ಪಿನಿಂದಲ್ಲ, ನೀರಗಂಟಿ, ಅಂದರೆ ತೂಬು ನೋಡಿಕೊಂಡು ನೀರು ಹಂಚುವವನು, ಇಲ್ಲದ್ದರಿಂದ.

ನಮ್ಮ ತಾತ ಊರಿನ ನೀರಗಂಟಿ. ಬಿರಡೆಗೆ ಹಳೆಯ ಗೋಣಿಯ ಬಟ್ಟೆ ಸುತ್ತಿ, ಮೇಲೆ ಜೇಡಿಮಣ್ಣು ಮೆತ್ತಿ ಕೂರಿಸುತ್ತಿದ್ದರು. ಒಂದು ಕಸಕಡ್ಡಿ ಸಿಕ್ಕಿಕೊಂಡರೂ ನೀರು ನಿಲ್ಲುವುದಿಲ್ಲ. ಆಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿ, ಕೈಯಲ್ಲೇ ತಡಕಿ, ಕಸ ತೆಗೆದು ಬರುತ್ತಿದ್ದರು. ಹಗ್ಗದ ಇನ್ನೊಂದು ತುದಿ ಏರಿಯ ಮೇಲೆ ನಮ್ಮ ಅಜ್ಜಿಯ ಕೈಯಲ್ಲಿ. ಹಗ್ಗ ಎರಡು ಸಲ ಜಗ್ಗಿದರೆ ಎಳೆಯಬೇಕು. ಅಜ್ಜಿ ಆ ಹೊತ್ತಿನಲ್ಲಿ ಯಾರು ಮಾತನಾಡಿಸಿದರೂ ತಿರುಗುತ್ತಿರಲಿಲ್ಲವಂತೆ.

ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದು ಅವರ ತಲೆಯಲ್ಲಿತ್ತು. ಗೌಡರ ಗದ್ದೆಗೂ ಬಡವನ ಗದ್ದೆಗೂ ಸರದಿ ಒಂದೇ. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ತರುವ ಭತ್ತ, ರಾಗಿ. ಬೋರ್‌ವೆಲ್ ಬಂತು, ಯಾರಿಗೂ ಸರದಿ ಬೇಕಾಗಲಿಲ್ಲ, ಕಣದಲ್ಲಿ ರಾಗಿ ಅಳೆಯುವುದನ್ನು ನಿಲ್ಲಿಸಿದರು. ತಾತ ಹೋದ ಮೇಲೆ ಅಪ್ಪ ಬೆಂಗಳೂರಿಗೆ ಹೋಗಿ ಕಾವಲುಗಾರನಾದರು.

ಮಂಜುಳಾ ಕೋಲಾರ (11:19)

"ಗೌಡರಿಗೂ ಬಡವನಿಗೂ ಸರದಿ ಒಂದೇ" ಎಂಬುದನ್ನು ನಂಬಲು ನನಗೆ ಸ್ವಲ್ಪ ಕಷ್ಟ ಅಣ್ಣ. ಮುಳುಗಿ ಕಸ ತೆಗೆಯುವ ಜಾತಿ ಯಾವುದು, ತೂಬಿನ ಬಾಯಿಯ ಹತ್ತಿರವೇ ಗದ್ದೆ ಇದ್ದ ಜಾತಿ ಯಾವುದು ಎಂದು ಒಮ್ಮೆ ನೋಡಿ. ಏರಿಗೆ ಮಣ್ಣು ಹೊತ್ತವರು ಒಡ್ಡರು, ಅವರ ಹೆಸರು ಒಂದು ಕಲ್ಲಿನಲ್ಲೂ ಇಲ್ಲ. ಕೆರೆ ನಿಲ್ಲಲೆಂದು ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ಪ್ರತಿ ಊರಿನಲ್ಲೂ ಹೆಂಗಸರು ಹಾಡುತ್ತಾರೆ. ಅದು ಸುಮ್ಮನೆ ಹುಟ್ಟಿದ ಕಥೆಯಲ್ಲ.

ಉಳಿಸಬೇಡಿ ಎನ್ನುತ್ತಿಲ್ಲ. ಉಳಿಸುವಾಗ ಹೂವು ಮುಡಿಸಿದ ಚರಿತ್ರೆಯನ್ನು ಮಾತ್ರ ಉಳಿಸಬೇಡಿ.

ನೀರಗಂಟಿ ಮೊಮ್ಮಗ (11:27)

ಅಕ್ಕ, ನಿಮ್ಮ ಮಾತು ಸರಿ. ಮುಳುಗಿದವರ ಮೊಮ್ಮಗನೇ ನಾನು, ಆ ಜಾತಿ ಯಾವುದೆಂದು ನನಗೆ ಯಾರೂ ಹೇಳಬೇಕಿಲ್ಲ. ಸರದಿಯ ವಿಷಯದಲ್ಲಿ ಮಾತ್ರ ತಾತನ ಮಾತನ್ನು ಬಿಟ್ಟುಕೊಡುವುದಿಲ್ಲ. ಆ ಹಟಕ್ಕಾಗಿ ಒಮ್ಮೆ ಏಟೂ ತಿಂದಿದ್ದಾರೆ.

ಹಳಗನ್ನಡ (ಶನಿವಾರ, ಬೆಳಿಗ್ಗೆ 6:40)

ಗೌರಿಬಿದನೂರು. ರಾತ್ರಿ ಎಲ್ಲರೂ ಇಷ್ಟು ಬರೆದಿದ್ದೀರಿ, ಅಕ್ಷರಗಳಿರುವ ಚಪ್ಪಡಿಯ ಬಗ್ಗೆ ಒಬ್ಬರೂ ಕೇಳಲಿಲ್ಲವಲ್ಲ!

ಕಲ್ಲಿಗೆ ಸೀಮೆಸುಣ್ಣ ತಿಕ್ಕಬೇಡಿ, ಆಸಿಡ್ ಹಾಕಬೇಡಿ, ತಂತಿಯ ಬ್ರಷ್ ಮುಟ್ಟಿಸಬೇಡಿ. ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ಕತ್ತಲಾದ ಮೇಲೆ ಮೊಬೈಲಿನ ಟಾರ್ಚನ್ನು ಕಲ್ಲಿನ ಮೈಗೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಆಗ ಫೋಟೋ ತೆಗೆಯಿರಿ. ಆಮೇಲೆ ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ನೋಡಬೇಕು. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಕೋಲಾರ ಜಿಲ್ಲೆಯ ಸಂಪುಟ. ಆಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎಲ್ಲ ಕೋಲಾರವೇ. 2007ರ ತನಕವೂ ಹಾಗೆಯೇ ಇತ್ತಲ್ಲ. ನಿಮ್ಮ ಊರಿನ ಹೆಸರಿನಲ್ಲಿ ಇಲ್ಲವಾದರೆ ಅದು ಹೊಸ ಶಾಸನ ಇರಬಹುದು.

"ನೀರು ಬಿಡುವ ತೂತು ಅಷ್ಟೆ" ಎಂದವರಿಗೆ ನಮ್ಮ ತಾಲೂಕಿನ ಕಲ್ಲೂಡಿಯ ಶಾಸನ ಓದಿ ಹೇಳಿ. 1388ರದು. ಪೆನುಗೊಂಡೆಯಲ್ಲಿದ್ದ ವಿಜಯನಗರದ ಯುವರಾಜ ಪ್ರತಾಪ ಬುಕ್ಕರಾಯ ತುಂಬಿದ ಸಭೆಯಲ್ಲಿ ಜಲಸೂತ್ರದ ಸಿಂಗಾಯಭಟ್ಟನಿಗೆ ಅಪ್ಪಣೆ ಕೊಡುತ್ತಾನೆ: ಹೆನ್ನೆಯ ಹೊಳೆಯನ್ನು ಪೆನುಗೊಂಡೆಗೆ ತರಬೇಕು. ಸಿಂಗಾಯಭಟ್ಟ ಸಿರುವೆರದ ಕೆರೆಗೆ ಕಾಲುವೆ ತೆಗೆದು, ಅದಕ್ಕೆ ರಾಜನ ಹೆಸರಿಟ್ಟು, ಕಲ್ಲಿನಲ್ಲಿ ಬರೆಸುತ್ತಾನೆ. ಅವನು ಹತ್ತು ವಿದ್ಯೆಗಳಲ್ಲಿ ಪಳಗಿದವನೆಂದು ಶಾಸನ ಹೊಗಳುತ್ತದೆ. ಹೆನ್ನೆ ಎಂದರೆ ನಮ್ಮ ಉತ್ತರ ಪಿನಾಕಿನಿ, ನಂದಿಯ ಸೀಮೆಯಲ್ಲೇ ಹುಟ್ಟುವ ನದಿ. ಒಬ್ಬ ಇಂಜಿನಿಯರನ ಹೆಸರು 600 ವರ್ಷ ಉಳಿದಿರುವುದು ಕಲ್ಲು ಉಳಿದದ್ದರಿಂದ.

ಚಿಂತಾಮಣಿಯವ (7:02)

ಈಗ ಕೆರೆ ಕೆಲಸದ ಫಲಕದಲ್ಲಿ ಇಂಜಿನಿಯರ್ ಹೆಸರಿಗಿಂತ ಶಾಸಕರ ಫೋಟೋ ದೊಡ್ಡದು.

ಬಿಸಿಲುನಾಡು (7:10)

ಆಗಲೂ ಕಾಲುವೆಗೆ ಇಟ್ಟದ್ದು ಯುವರಾಜನ ಹೆಸರನ್ನೇ ಅಲ್ಲವೇ? ಏನೂ ಬದಲಾಗಿಲ್ಲ ಬಿಡಿ.

ಕೋಡಿಕಲ್ಲು (7:45)

ಹಳಗನ್ನಡ ಅವರೇ, ಪೋರುಮಾಮಿಳ್ಳದ ಶಾಸನವನ್ನು ಮರೆತಿರಿ. ಕಡಪ ಜಿಲ್ಲೆ, 1369. ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ. ಆ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಪಟ್ಟಿ ಮಾಡಿದ್ದಾರೆ. ಜಲಶಾಸ್ತ್ರ ಬಲ್ಲವನು ಬೇಕು, ಗಟ್ಟಿ ನೆಲ ಬೇಕು, ಹತ್ತಿರದಲ್ಲೇ ಉದ್ದನೆಯ ನೇರ ಕಲ್ಲು ಸಿಗುವ ಗಣಿ ಬೇಕು, ಏರಿ ಕಲ್ಲಿನಿಂದ ಬಿಗಿಯಾಗಿರಬೇಕು, ಆದರೆ ತೀರಾ ಉದ್ದವಾಗಿರಬಾರದು. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು ಒಂದು. ನಾನು ರಾತ್ರಿ ಅಷ್ಟುದ್ದ ಬರೆದದ್ದನ್ನು ಅವರು ಒಂದು ಪದದಲ್ಲಿ ಮುಗಿಸಿದ್ದಾರೆ. ಚೌಳು ನೆಲ ಇನ್ನೊಂದು ದೋಷ. ನನಗೆ ಇಷ್ಟವಾದದ್ದು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷ ಎಂದಿರುವುದು. ಕಾವೇರಿ ಗಲಾಟೆ ನೋಡಿದವರು ನಗದೆ ಇರಲಾರರು.

ಸಾಗರದಾಚೆ (8:30)

ತಿಪಟೂರು ಮೂಲ, ಈಗ ಫ್ರಾನ್ಸ್‌ನಲ್ಲಿ ಕೆಲಸ. ಕಳೆದ ವರ್ಷ ಪಾಂ ದ್ಯು ಗಾರ್ ಎಂಬ ಹಳೆಯ ಕಾಲುವೆ-ಸೇತುವೆ ನೋಡಲು ಹೋಗಿದ್ದೆ. ರೋಮನ್ನರು ನೀಮ್ ಪಟ್ಟಣಕ್ಕೆ ನೀರು ತರಲು ಸುಮಾರು 50 ಕಿಲೋಮೀಟರ್ ಕಾಲುವೆ ಮಾಡಿದರು. ಅಷ್ಟು ದೂರಕ್ಕೆ ಒಟ್ಟು ಇಳಿಜಾರು 20 ಮೀಟರ್ ಕೂಡ ಇಲ್ಲ. ಹೊಳೆ ದಾಟಲು ಕಟ್ಟಿದ ಮೂರಂತಸ್ತಿನ ಕಮಾನು ಸುಮಾರು 49 ಮೀಟರ್ ಎತ್ತರ. ಅಲ್ಲಿ ಟಿಕೆಟು, ವಸ್ತುಸಂಗ್ರಹಾಲಯ, ಬೆಂಚು, ಕಾಫಿ ಎಲ್ಲ ಇದೆ. ನಮ್ಮಲ್ಲಿ ಜೆಸಿಬಿ ಇದೆ. ನಾಚಿಕೆಯಾಗುತ್ತದೆ.

ಕೋಡಿಕಲ್ಲು (8:52)

ನಾಚಿಕೆ ಬೇಡ, ಆ ಕಥೆಯನ್ನು ಪೂರ್ತಿ ಹೇಳಿ. ಆ ಕಾಲುವೆಯೂ ದುರಸ್ತಿ ಇಲ್ಲದೆಯೇ ಸತ್ತದ್ದು. ನೀರಿನಲ್ಲಿದ್ದ ಸುಣ್ಣ ಪದರಪದರವಾಗಿ ಕಟ್ಟಿ ಒಳಗೆಲ್ಲ ತುಂಬಿತು. ನಮ್ಮ ಹೂಳಿದ್ದಂತೆ ಅವರ ಸುಣ್ಣ. ಕಮಾನು ಮಾತ್ರ ಏಕೆ ಉಳಿಯಿತು? ಜನ ಅದನ್ನು ಹೊಳೆ ದಾಟುವ ಸೇತುವೆಯಾಗಿ ಬಳಸಿದರು, ದಾಟಿದವರಿಂದ ಸುಂಕ ಎತ್ತಿದರು. ಸುಂಕ ಬರುವ ಕಲ್ಲನ್ನು ಯಾರು ಕೀಳುತ್ತಾರೆ? ಉಪಯೋಗಕ್ಕಿದ್ದದ್ದು ಉಳಿಯಿತು.

ಆದ್ದರಿಂದಲೇ ಬೇಲಿ ಹಾಕಿ ಫಲಕ ನೆಡುವುದರಲ್ಲಿ ನನಗೆ ನಂಬಿಕೆ ಕಡಿಮೆ. ಆ ತೂಬಿನಲ್ಲಿ ವರ್ಷಕ್ಕೆ ಒಂದು ಸಲವಾದರೂ ನೀರು ಹರಿಯಬೇಕು.

ಹಳಗನ್ನಡ (9:04)

ಇಲ್ಲಿ ನನ್ನ ತಕರಾರಿದೆ. ಬಳಸುತ್ತಾ ಇದ್ದರೆ ಸವೆಯುತ್ತದೆ. ಗುಜರಾತಿನ ಗಿರ್ನಾರಿನ ಸುದರ್ಶನ ಸರೋವರ ನೋಡಿ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ್ದು, ಅಶೋಕನ ಕಾಲದಲ್ಲಿ ಕಾಲುವೆ ಸೇರಿದ್ದು. ಕ್ರಿ.ಶ. 150ರ ಸುಮಾರಿಗೆ ಶಕ ದೊರೆ ರುದ್ರದಾಮ ದುರಸ್ತಿ ಮಾಡಿಸಿದ, ಮತ್ತೆ ಸ್ಕಂದಗುಪ್ತನ ಕಾಲದಲ್ಲಿ ಒಡೆದು ಮತ್ತೆ ಕಟ್ಟಿದರು. ಈಗ ಕೆರೆಯೇ ಇಲ್ಲ, ಕಥೆ ಹೇಳುವ ಬಂಡೆ ಮಾತ್ರ ಇದೆ.

ಕೋಡಿಕಲ್ಲು (9:11)

ಏಳು ನೂರು ವರ್ಷ ಬಳಸಿದರಲ್ಲ ಸ್ವಾಮಿ! ನಿಮ್ಮ ಮೊಬೈಲು ಎಷ್ಟು ವರ್ಷ ಬರುತ್ತದೆ? ಅದೇ ಬಂಡೆಯಲ್ಲಿ ಇನ್ನೊಂದು ಮಾತೂ ಇದೆ. ಬಿರುಕು ಭಾರಿ ದೊಡ್ಡದು, ಆಗದ ಕೆಲಸ ಎಂದು ರುದ್ರದಾಮನ ಮಂತ್ರಿಗಳೇ ಕೈಚೆಲ್ಲಿದರು. ಅವನು ಪ್ರಜೆಗಳ ಮೇಲೆ ತೆರಿಗೆ ಹಾಕದೆ ತನ್ನ ಬೊಕ್ಕಸದಿಂದ ಕಟ್ಟಿಸಿದ. ಎಸ್ಟಿಮೇಟ್ ನೋಡಿ ಹೆದರುವ ಅಧಿಕಾರಿಗಳು ಆಗಲೂ ಇದ್ದರು.

ಬಂಗಾರಪೇಟೆ ಬಾಬು (9:40)

ತೂಬು ಬಿಡಿ, ಕೆರೆಗೆ ಬರುತ್ತಿರುವ ನೀರಿನ ಬಗ್ಗೆ ಮಾತನಾಡಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು ಬರುತ್ತಿದೆ, ನಿಮ್ಮ ಕಡೆ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ). ಬೆಂಗಳೂರಿನವರು ತೊಳೆದು ಬಿಟ್ಟ ನೀರು, ಎರಡು ಹಂತ ಮಾತ್ರ ಶುದ್ಧ ಮಾಡಿ ಕಳುಹಿಸುತ್ತಾರೆ. ಮೂರನೆಯ ಹಂತ ಕೇಳಿ ಕೇಳಿ ಸಾಕಾಯಿತು.

ಮಂಜುಳಾ ಕೋಲಾರ (9:48)

ಕೇಳುವುದನ್ನು ನಿಲ್ಲಿಸಬೇಡಿ. ಆದರೆ ಆ ನೀರು ಬಂದ ಮೇಲೆ ನಮ್ಮ ಅಮ್ಮನ ಮನೆಯ ಬತ್ತಿದ ಬಾವಿಯಲ್ಲಿ ನೀರು ಕಂಡಿದೆ ಎಂಬುದೂ ನಿಜ. ಸಾವಿರ ಅಡಿ ಕೊರೆದು ಫ್ಲೋರೈಡ್ ಕುಡಿದು ಹಲ್ಲು ಕಂದಾದ ಊರು ನಮ್ಮದು.

ಬಂಗಾರಪೇಟೆ ಬಾಬು (9:55)

ಬಾವಿಯಲ್ಲಿ ಕಂಡರೆ ಸಾಕೇ ಅಕ್ಕ, ಕುಡಿಯುತ್ತೀರಾ?

ಮಂಜುಳಾ ಕೋಲಾರ (9:57)

ಇಲ್ಲ. ಟೊಮೆಟೊಗೆ ಬಿಡುತ್ತಾರೆ. ಆ ಟೊಮೆಟೊ ನೀವು ತಿನ್ನುತ್ತೀರಿ.

ಚಿಂತಾಮಣಿಯವ (10:03)

ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಸೋಮವಾರ ಹತ್ತಿರ ಬರುತ್ತಿದೆ.

ಮಧುಗಿರಿ ಮಾವ (11:30)

ಕೆರೆ ಎಂದರೆ ಏರಿ, ತೂಬು, ಕೋಡಿ ಇಷ್ಟೇ ಎಂದು ತಿಳಿಯಬೇಡಿ. ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆ ಎಂದು ಇರುತ್ತಿತ್ತು. ಹಳ್ಳದಲ್ಲೋ ಕೆರೆಯ ಅಂಗಳದಲ್ಲೋ ಮರಳಿನ ಕೆಳಗೆ ಊಟೆ (ನೀರಿನ ಒರತೆ) ಇರುವ ಜಾಗ ನೋಡಿ ಅಗೆದು, ಕಲ್ಲು ಕಟ್ಟಿ, ಕಾಲುವೆ ತೆಗೆದರೆ ಕೆರೆ ಒಣಗಿದ ಮೇಲೂ ನೀರು ತಾನಾಗಿಯೇ ಹರಿಯುತ್ತಿತ್ತು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯಬೇಕು, ಬರದವನಿಗೆ ದಂಡ. ಮೋಟಾರಿಲ್ಲ, ಕರೆಂಟಿಲ್ಲ. ಸುತ್ತ ನೀಲಗಿರಿ ಹಾಕಿದರು, ಬೋರು ಕೊರೆದರು, ಊಟೆ ನಿಂತಿತು. 2017ರಲ್ಲಿ ಸರ್ಕಾರ ನೀಲಗಿರಿ ನೆಡಬಾರದು ಎಂದು ಆದೇಶ ಮಾಡುವ ಹೊತ್ತಿಗೆ ನಮ್ಮೂರ ತಲಪರಿಗೆಯಲ್ಲಿ ಜಾಲಿ ಆಳೆತ್ತರ ಬೆಳೆದಿತ್ತು. ಅದಕ್ಕೆ ಕಂಬವೂ ಇಲ್ಲ, ಗಜಲಕ್ಷ್ಮಿಯೂ ಇಲ್ಲ. ಮುಚ್ಚಿ ಹೋದರೆ ಅಲ್ಲೊಂದು ತಲಪರಿಗೆ ಇತ್ತೆಂದು ತೋರಿಸಲು ಗುರುತೇ ಇಲ್ಲ. ನಿಮ್ಮ ತೂಬಿಗಾದರೂ ಅಳುವವರಿದ್ದಾರೆ.

ಹಳಗನ್ನಡ (11:44)

ಮಾವ, ಅದರ ಫೋಟೋ, ಜಾಗದ ಗುರುತು ಇದ್ದರೆ ಕಳುಹಿಸಿ. ಮುಂದಿನ ತಿಂಗಳು ಬರುತ್ತೇನೆ.

ಸಾಗರದಾಚೆ (12:10)

ಊರಿನ ಹೆಸರು ಹಾಕಿದರೆ ಪತ್ರಿಕೆಯಲ್ಲಿರುವ ಗೆಳೆಯರಿಗೆ ಹೇಳಬಹುದಿತ್ತು. ಏಕೆ ಮುಚ್ಚಿಡುತ್ತಿದ್ದೀರಿ?

ರೇಷ್ಮೆಗೂಡು (12:35)

ನಿಧಿಗಳ್ಳರ ಭಯ. ಪಕ್ಕದ ಊರಿನ ತೂಬಿನ ಬುಡವನ್ನು ಅಮಾವಾಸ್ಯೆಯ ರಾತ್ರಿ ಅಗೆದು ಹೋಗಿದ್ದರು. ನಿಂಬೆಹಣ್ಣು, ಕುಂಕುಮ, ಕೋಳಿಯ ಪುಕ್ಕ. ಲಕ್ಷ್ಮಿಯ ಚಿತ್ರ ಇದ್ದ ಕಡೆ ಹಣ ಇರುತ್ತದೆ ಎಂಬ ನಂಬಿಕೆ. ಕಂಬ ವಾಲಿತು, ಮರುವರ್ಷ ಬಿತ್ತು. ಈಗ ಒಂದು ತುಂಡು ಯಾರದೋ ದನದ ಕೊಟ್ಟಿಗೆಯ ಮೆಟ್ಟಿಲು.

ಕಚೇರಿ ಅಲೆದವನು (ಮಧ್ಯಾಹ್ನ 2:15)

ಅನುಭವದ ಮಾತು ಕೇಳಿ. ಇಂತಹುದೇ ವಿಷಯಕ್ಕೆ ಮೂರು ಕಚೇರಿ ಸುತ್ತಿದ್ದೇನೆ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮೊದಲು ಕೆರೆ ಯಾರದು ಎಂದು ತಿಳಿದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆಯಾದರೆ ಪಂಚಾಯಿತಿಯ ಕಡೆ, ಹೆಚ್ಚಾದರೆ ಸಣ್ಣ ನೀರಾವರಿ. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ, ತಹಶೀಲ್ದಾರರಿಗೆ ಒಂದು, ಪುರಾತತ್ತ್ವ ಇಲಾಖೆಗೆ ಒಂದು. ಮೂರಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಬಾಯಿಮಾತಿಗೆ ಬೆಲೆಯಿಲ್ಲ. ಸಂರಕ್ಷಿತ ಸ್ಮಾರಕ ಎಂದು ಘೋಷಣೆಯಾಗದ ಕಲ್ಲಿಗೆ ಕಾನೂನಿನ ಆಸರೆ ಕಡಿಮೆ. ಆದ್ದರಿಂದ "ನಿಲ್ಲಿಸಿ" ಎಂದು ಬರೆಯಬೇಡಿ. "ಏರಿಗೆ ಅಪಾಯ, ಬದಲಿ ಜಾಗ ಇದೆ, ಖರ್ಚು ಹೆಚ್ಚುವುದಿಲ್ಲ" ಎಂದು ಬರೆಯಿರಿ. ಅಧಿಕಾರಿಗೆ ಶಾಸನಕ್ಕಿಂತ ಒಡೆದ ಏರಿಯ ಭಯ ಹೆಚ್ಚು. ಊರಿನ ಇಪ್ಪತ್ತು ಜನರ ಸಹಿ ಇರಲಿ, ಅದರಲ್ಲಿ ಅಚ್ಚುಕಟ್ಟಿನ ರೈತರು ಹತ್ತು ಜನವಾದರೂ ಇರಲಿ.

ಬಿಸಿಲುನಾಡು (2:40)

ಇದು ಕೆಲಸಕ್ಕೆ ಬರುವ ಮಾತು.

ರೇಷ್ಮೆಗೂಡು (ರಾತ್ರಿ 10:50)

ಈಗ ತಾನೇ ಕೆರೆಯಿಂದ ಬಂದೆ. ಅಪ್ಪ, ನಾನು, ಚಿಕ್ಕಪ್ಪನ ಮಗ. ಒಂದು ಬಿಂದಿಗೆ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಎರಡು ಮೊಬೈಲು. ಚಪ್ಪಡಿ ತೊಳೆದಾಗ ಬರೀ ಗೀರುಗಳೇ ಕಂಡವು, "ಇದು ಗುದ್ದಲಿಯ ಗುರುತು, ನಡೆಯಿರಿ" ಎಂದು ಅಪ್ಪ ಎದ್ದುಬಿಟ್ಟರು. ಆಮೇಲೆ ಹಳಗನ್ನಡ ಅವರು ಹೇಳಿದಂತೆ ಟಾರ್ಚನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಹಿಡಿದೆ. ಒಂದೊಂದೇ ಸಾಲು ಎದ್ದು ನಿಂತಿತು. ಐದು ಸಾಲು. ಅಪ್ಪ ಮತ್ತೆ ಕುಳಿತುಕೊಂಡು ಬೆರಳಿನಿಂದ ತಡವುತ್ತಾ "ಇದು ಕ, ಇದು ಕ" ಎಂದು ಹೇಳತೊಡಗಿದರು. ಅವರು ಓದಿರುವುದು ನಾಲ್ಕನೇ ತರಗತಿ.

ಫೋಟೋ ಹಾಕಿದ್ದೇನೆ. ಟ್ಯೂಬ್ ಲೆವೆಲ್ಲನ್ನೂ ಸಂಜೆಯೇ ಹಿಡಿದೆವು. ಬಡಗಣ ಪೈಪು ಹಳೆಯ ತೂಬಿಗಿಂತ ಒಂದು ಗೇಣು ಎತ್ತರ ಇದೆ.

ಹಳಗನ್ನಡ (11:20)

ಮೊದಲ ಸಾಲು "ಸ್ವಸ್ತಿ ಶ್ರೀ", ಎಲ್ಲ ಕಲ್ಲಿನದೂ ಅದೇ. ಎರಡನೆಯ ಸಾಲಿನಲ್ಲಿ "ಕೆಱೆ" ಸ್ಪಷ್ಟವಾಗಿದೆ, ಶಕಟರೇಫ ನೋಡಿ, ಹಳೆಯ ಕನ್ನಡದ ಇನ್ನೊಂದು ರಕಾರ ಱ. ಕೊನೆಯ ಸಾಲಿನಲ್ಲಿ "ಕೊಡಗೆ" ಇರುವಂತಿದೆ. ಕೆರೆ ಕಟ್ಟಿದವನಿಗೋ ನೋಡಿಕೊಳ್ಳುವವನಿಗೋ ಬಿಟ್ಟುಕೊಟ್ಟ ಭೂಮಿ ಇರಬೇಕು. ಕಟ್ಟುಕೊಡಗೆ ಎನ್ನುತ್ತಾರೆ. ಉಳಿದದ್ದಕ್ಕೆ ಕಲ್ಲಿಗೆ ಕಾಗದ ಒತ್ತಿ ಅಚ್ಚುಪ್ರತಿ ತೆಗೆಯಬೇಕು.

ಚಿಂತಾಮಣಿಯವ (11:24)

ಹಾಗಾದರೆ ಚೋಳರ ಕಾಲವೇ?

ಹಳಗನ್ನಡ (11:31)

ಒಂದು ಱ ನೋಡಿ ಕಾಲ ಹೇಳುವುದು ಜ್ಯೋತಿಷ್ಯವಾಗುತ್ತದೆ. ಉಚ್ಚಾರಣೆಯಲ್ಲಿ ಸತ್ತ ಮೇಲೂ ಬರವಣಿಗೆಯಲ್ಲಿ ಅದು ಬದುಕಿತ್ತು. ಈ ಸೀಮೆಯಲ್ಲಿ ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು ಎಲ್ಲರೂ ಕೆರೆ ಕಟ್ಟಿದ್ದಾರೆ. ಮುಳಬಾಗಿಲಿನ ಹತ್ತಿರದ ಆವನಿಯಲ್ಲಿ ತ್ರಿಭುವನಕರ್ತಾರ ಎಂಬ ಗುರು 40 ವರ್ಷ ಆ ಸ್ಥಾನವನ್ನಾಳಿ 50 ದೇಗುಲ, 2 ದೊಡ್ಡ ಕೆರೆ ಕಟ್ಟಿಸಿದ ಎಂದು 10ನೇ ಶತಮಾನದ ಶಾಸನ ಹೇಳುತ್ತದೆ. ನಿಮ್ಮದು ಯಾರದು ಎಂದು ಕಲ್ಲೇ ಹೇಳಲಿ.

ನೀರಗಂಟಿ ಮೊಮ್ಮಗ (11:40)

ಅಣ್ಣ, ಬಿರಡೆ ಇದೆಯೇ ನೋಡಿದಿರಾ? ಹೂಳಿನಲ್ಲಿ ಹುದುಗಿದ ಮರ ಬೇಗ ಕೊಳೆಯುವುದಿಲ್ಲ. ಚಪ್ಪಡಿಯ ಸುತ್ತ ಕೈಯಿಂದ ತಡಕಿ, ಗುದ್ದಲಿ ಹಾಕಬೇಡಿ. ಸಿಕ್ಕರೆ ಬಿಸಿಲಿಗೆ ಇಡಬೇಡಿ, ಒಣಗಿದರೆ ಸೀಳಿಹೋಗುತ್ತದೆ. ನೀರಿನಲ್ಲೇ ಮುಳುಗಿಸಿಡಿ.

ಕೋಡಿಕಲ್ಲು (ಭಾನುವಾರ, ಬೆಳಿಗ್ಗೆ 6:15)

ಒಂದು ಗೇಣು ದೊಡ್ಡ ಸಮಸ್ಯೆಯಲ್ಲ. ಹೊಸ ಪೈಪನ್ನು ಅಷ್ಟು ಇಳಿಸಿ ಕೂರಿಸಲಿ, ಹೇಗೂ ಅಗೆಯುತ್ತಾರಲ್ಲ. ಅರ್ಜಿಯಲ್ಲಿ ಎರಡೂ ಮಟ್ಟಗಳ ಅಳತೆ ಬರೆಯಿರಿ. ಮಣ್ಣನ್ನು ಅರ್ಧ ಅಡಿ ಪದರದಲ್ಲಿ ಹಾಕಿ, ನೀರು ಚಿಮುಕಿಸಿ, ಗುದ್ದಿಸಬೇಕು ಎಂದೂ ಬರೆಯಿರಿ. ಬೇಕಾದರೆ ನಾನೇ ಬರುತ್ತೇನೆ, ತುಮಕೂರಿನಿಂದ ಬಸ್ಸಿದೆ.

ರೇಷ್ಮೆಗೂಡು (ಬುಧವಾರ, ರಾತ್ರಿ 9:30)

ತಡವಾಯಿತು, ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಹಾಕುವ ಗಡಿಬಿಡಿ.

ಭಾನುವಾರ 34 ಸಹಿ ಆಯಿತು. ಸೋಮವಾರ ಕೋಡಿಕಲ್ಲು ಸರ್ ಮೊದಲ ಬಸ್ಸಿಗೇ ಬಂದಿಳಿದರು, ಬಿಳಿ ಟೋಪಿ, ಕೈಯಲ್ಲಿ ಕೊಡೆ. ಗುತ್ತಿಗೆದಾರರ ಕಡೆಯವರೊಂದಿಗೆ ಒಂದು ಗಂಟೆ ಏರಿಯ ಮೇಲೆ ನಡೆದಾಡಿದರು. ಏನು ಹೇಳಿದರೋ ಗೊತ್ತಿಲ್ಲ, ಜೊಂಡಿನ ಹತ್ತಿರ ಕುಳಿತು ಒದ್ದೆ ಮಣ್ಣನ್ನು ಹಿಡಿಯಷ್ಟು ತೆಗೆದು ಅವರ ಅಂಗೈಯಲ್ಲಿಟ್ಟರು. ಹೊಸ ಗೇಟು ಬಡಗಣ ತುದಿಗೆ ಎಂದು ಒಪ್ಪಿದ್ದಾರೆ. ಬಾಯಿಮಾತಿನಲ್ಲಿ. ಬರೆದುಕೊಡಿ ಎಂದರೆ ಮೇಲಿನವರನ್ನು ಕೇಳಬೇಕಂತೆ. ಅರ್ಜಿಗಳಿಗೆ ಎರಡು ಕಡೆ ಮೊಹರು ಸಿಕ್ಕಿದೆ, ಮೂರನೆಯದಕ್ಕೆ ಶುಕ್ರವಾರ ಬನ್ನಿ ಎಂದಿದ್ದಾರೆ. ಸುಣ್ಣದ ಗೀಟು ಕಂಬದ ಮೇಲೆ ಹಾಗೆಯೇ ಇದೆ, ಮಳೆ ಬಂದರೆ ಅಳಿಸಿಹೋಗಬಹುದು.

ಬಿರಡೆ ಸಿಕ್ಕಿತು! ತೂತಿನಿಂದ ಎರಡು ಮೊಳ ದೂರದಲ್ಲಿ ಅಡ್ಡ ಬಿದ್ದಿತ್ತು. ಕಪ್ಪಗೆ, ಕಬ್ಬಿಣದಷ್ಟು ಭಾರ, ಗಳುವಿನ ಮುರಿದ ತುಂಡು ಇನ್ನೂ ಅದರೊಳಗೇ ಇದೆ. ಸೊಂಟದ ಸುತ್ತ ಗೋಣಿಯ ನಾರಿನ ಗುರುತು ಕೂಡ ಕಾಣುತ್ತದೆ. ಅಪ್ಪ ಅದನ್ನು ತೂತಿನ ಮೇಲಿಟ್ಟು ತಿರುಗಿಸಿದರು, ಸರಕ್ಕನೆ ಕುಳಿತುಬಿಟ್ಟಿತು. ಕೀಳಲು ಇಬ್ಬರು ಬೇಕಾಯಿತು.

ನೀರಗಂಟಿ ಮೊಮ್ಮಗ (9:36)

ನೀರಿನಲ್ಲಿ ಇಟ್ಟಿದ್ದೀರಿ ತಾನೇ?

ರೇಷ್ಮೆಗೂಡು (9:38)

ಹಿತ್ತಲಿನ ತೊಟ್ಟಿಯಲ್ಲಿ ಮುಳುಗಿಸಿದ್ದೇನೆ. ದನಕ್ಕೆ ನೀರು ಕುಡಿಸುವ ತೊಟ್ಟಿ ಅದು, ಮನೆಯವಳು ಬೆಳಗಿನಿಂದ ಮಾತು ಬಿಟ್ಟಿದ್ದಾಳೆ.

ಮಂಜುಳಾ ಕೋಲಾರ (9:41)

ದನಕ್ಕೆ ನೀರು?

ರೇಷ್ಮೆಗೂಡು (9:42)

ಬಕೆಟ್ಟಿನಲ್ಲಿ. ನಾನೇ ಹೊರುತ್ತಿದ್ದೇನೆ.